ದಿನನಿತ್ಯದ ಆಹಾರ ಮತ್ತು ಆರೋಗ್ಯ

ಹೈದರಾಬಾದ್ ನಗರದ ಕೋಠಿ ಪ್ರದೇಶದಲ್ಲಿ ಉಸ್ಮಾನಿಯಾ ವೈದ್ಯಕೀಯ ಕಾಲೇಜು ಇದೆ. ಸಮೀಪದಲ್ಲಿಯೇ ಸುಲ್ತಾನ್ ಬಜಾರ್ ಎಂಬ ಹಳೆಯ ಪೇಟೆಯೂ ಇದೆ. ಬಂದ ರೋಗವನ್ನು ಗುಣಪಡಿಸುವ ವಿದ್ಯೆ ಕಾಲೇಜಿನಲ್ಲಿ ದೊರೆಯುತ್ತದೆ. ಅನೇಕ ರೋಗಗಳು ಬಾರದಂತೆ ತಡೆಯುವ ಕಾಳು, ಸೊಪ್ಪು, ಹಣ್ಣುಗಳು ಸಾಮಾನ್ಯ ಪೇಟೆಯಲ್ಲಿಯೇ ದೊರೆಯುತ್ತವೆ.

ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಸಂಬಂಧದಿಂದ ಅನೇಕ ಕನ್ನಡ ಕುಟುಂಬಗಳು ಈ ನಗರದಲ್ಲಿ ನೆಲೆಸಿವೆ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಇವು ಆ ಸೀಮೆಯ ರೂಢಿಯ ಊಟ. ತೆಲುಗರು ಗೋಂಗೂರ ಎಂದು ಕರೆಯುವ ಸೊಪ್ಪೇ ನಮ್ಮ ಪುಂಡಿ. ಈ ಸರಳ ಊಟದ ಬೆಲೆಯನ್ನು ನಾವು ಸರಿಯಾಗಿ ಅರಿತಿದ್ದೇವೆಯೇ?

ಸಂಶೋಧನೆ ಕಲಿಸಿದ ಪಾಠ

1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಬೆರಿಬೆರಿ ರೋಗವನ್ನು ಕುರಿತ ಸಂಶೋಧನೆಯನ್ನು ಆರಂಭಿಸಿದರು. ಅಕ್ಕಿಯನ್ನು ಅತಿಯಾಗಿ ಪಾಲಿಶ್ ಮಾಡಿದಾಗ ತೌಡಿನೊಡನೆ ಬಿ1 ಜೀವಸತ್ವವೂ ಹೊರಟುಹೋಗುತ್ತದೆ. ಅಂತಹ ಅಕ್ಕಿಯನ್ನೇ ನೆಚ್ಚಿಕೊಂಡವರಿಗೆ ಈ ರೋಗ ತಗಲುತ್ತದೆ. ಕೂನೂರಿನ ಆ ಪ್ರಯೋಗಾಲಯವು ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ.

ಈ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಾಂತಯ್ಯ ಅವರು 1960ರಲ್ಲಿ ಇನ್ನೊಂದು ಸಂಗತಿಯತ್ತ ಗಮನ ಸೆಳೆದರು. ಬಹುಪಾಲು ಜೋಳವನ್ನೇ ತಿಂದು ಬದುಕುವ ಬಡವರಲ್ಲಿ ಪೆಲಾಗ್ರ ಎಂಬ ಚರ್ಮರೋಗಸಹಿತ ವ್ಯಾಧಿ ಕಂಡುಬರುತ್ತಿತ್ತು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವು ಇದಕ್ಕೆ ಸಂಬಂಧಿಸಿದೆ ಎಂದು ಅವರು ಪ್ರತಿಪಾದಿಸಿದರು. ಹಾಗೆಂದು ಜೋಳ ಕೆಟ್ಟ ಧಾನ್ಯವಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇರುತ್ತವೆ. ದೋಷವಿರುವುದು ಧಾನ್ಯದಲ್ಲಲ್ಲ, ಅದೊಂದನ್ನೇ ತಿನ್ನಬೇಕಾದ ಬಡತನದಲ್ಲಿ. ಯಾವ ಆಹಾರವೂ ಒಂಟಿಯಾಗಿ ಪೂರ್ಣವಲ್ಲ ಎಂಬುದೇ ಇಲ್ಲಿನ ಪಾಠ.

ಒಂದಕ್ಕೊಂದು ಪೂರಕ

ಜೋಳ, ಅಕ್ಕಿ, ಗೋಧಿಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಸಮೃದ್ಧ. ಬೇಳೆಯಲ್ಲಿ ಕೊರತೆಯಾಗುವ ಮಿಥಿಯೋನಿನ್ ಅನ್ನು ಧಾನ್ಯ ಒದಗಿಸುತ್ತದೆ. ಆದ್ದರಿಂದ ರೊಟ್ಟಿಯೊಡನೆ ಬೇಳೆ ಸೇರಿದಾಗ ಎರಡರ ಪ್ರೋಟೀನಿನ ಗುಣಮಟ್ಟವೂ ಹೆಚ್ಚುತ್ತದೆ. ಹಸಿರು ಸೊಪ್ಪುಗಳಿಂದ ಫೋಲಿಕ್ ಆಮ್ಲ, ಕಬ್ಬಿಣ ಹಾಗೂ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಕೆರೋಟಿನ್ ದೊರೆಯುತ್ತವೆ. ಒಗ್ಗರಣೆಯ ಅಲ್ಪ ಎಣ್ಣೆಯು ಕೆರೋಟಿನ್ ಅನ್ನು ಹೀರಿಕೊಳ್ಳಲು ನೆರವಾಗುತ್ತದೆ. ಮಜ್ಜಿಗೆ, ಮೊಸರುಗಳಿಂದ ಸುಣ್ಣದ ಅಂಶ ಲಭಿಸುತ್ತದೆ.

ರಕ್ತಹೀನತೆಯ ಸಮಸ್ಯೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇದರ ಒಂದು ಮುಖ್ಯ ಕಾರಣ ಕಬ್ಬಿಣಾಂಶದ ಕೊರತೆ. ಸಸ್ಯಾಹಾರದಲ್ಲಿರುವ ಕಬ್ಬಿಣವನ್ನು ದೇಹವು ಪೂರ್ಣವಾಗಿ ಹೀರಿಕೊಳ್ಳಲಾರದು. ಊಟದೊಡನೆ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಅವುಗಳ ಸಿ ಜೀವಸತ್ವದಿಂದ ಹೀರುವಿಕೆ ಹೆಚ್ಚುತ್ತದೆ. ಊಟದೊಡನೆಯೇ ಚಹಾ, ಕಾಫಿ ಕುಡಿದರೆ ಅದು ಕುಗ್ಗುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ.

ಅನೇಕ ಮನೆಗಳಲ್ಲಿ ಗೃಹಿಣಿಯು ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುತ್ತಾಳೆ. ಆ ವೇಳೆಗೆ ರೊಟ್ಟಿ ಉಳಿದಿದ್ದರೂ ಬೇಳೆ, ಪಲ್ಯ ಮುಗಿದಿರುತ್ತವೆ. ಒಂದೇ ಒಲೆಯ ಅಡುಗೆಯಿದ್ದರೂ ಅವಳ ಪಾಲಿಗೆ ಮತ್ತೆ ಒಂಟಿ ಧಾನ್ಯವೇ! ಮೊದಲೇ ಅವಳ ಪಾಲನ್ನು ತೆಗೆದಿಡುವುದಕ್ಕೆ ಹಣದ ವೆಚ್ಚವಿಲ್ಲ. ಗರ್ಭಿಣಿಯರು ಆಹಾರದ ಜೊತೆಗೆ ವೈದ್ಯರು ಸೂಚಿಸಿದ ಕಬ್ಬಿಣದ ಮಾತ್ರೆಗಳನ್ನೂ ತಪ್ಪದೆ ಸೇವಿಸಬೇಕು.

ನಾವು ಮಾಡಬೇಕಾದುದು

ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣುಗಳಿಂದ ತುಂಬಿರಬೇಕೆಂದು ಹೇಳುತ್ತದೆ. ಇದಕ್ಕಾಗಿ ದುಬಾರಿ ಪದಾರ್ಥಗಳ ಅಗತ್ಯವಿಲ್ಲ.

1. ಪ್ರತಿದಿನ ಒಂದು ಬಗೆಯ ಸೊಪ್ಪನ್ನು ಬಳಸಿರಿ: ಪುಂಡಿ, ಮೆಂತ್ಯ, ಹರಿವೆ, ನುಗ್ಗೆ ಯಾವುದಾದರೂ ಸರಿ.
2. ತರಕಾರಿಯನ್ನು ಮೊದಲು ತೊಳೆದು ಅನಂತರ ಹೆಚ್ಚಿರಿ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿರಿ.
3. ಕಾಳುಗಳನ್ನು ಮೊಳಕೆ ಬರಿಸಿ ತಿನ್ನಿರಿ. ಇದರಿಂದ ಸಿ ಜೀವಸತ್ವ ಹೆಚ್ಚುತ್ತದೆ.
4. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಮೀರದಿರಲಿ. ಅಯೋಡಿನ್‌ಯುಕ್ತ ಉಪ್ಪನ್ನೇ ಕೊಳ್ಳಿರಿ.

ಆಹಾರವು ಔಷಧಕ್ಕೆ ಬದಲಿಯಲ್ಲ. ರೋಗವಿದ್ದಾಗ ವೈದ್ಯರನ್ನು ಕಾಣಲೇಬೇಕು. ಆದರೆ ರೊಟ್ಟಿ, ಬೇಳೆ, ಸೊಪ್ಪು, ನಿಂಬೆ ಒಂದೇ ತಟ್ಟೆಯಲ್ಲಿ ಕೂಡಿದಾಗ, ಮತ್ತು ಆ ತಟ್ಟೆ ಮನೆಯ ಪ್ರತಿಯೊಬ್ಬರಿಗೂ ದೊರೆತಾಗ, ಆರೋಗ್ಯಕ್ಕೆ ಭದ್ರವಾದ ಬುನಾದಿ ಬೀಳುತ್ತದೆ ಎಂಬುದನ್ನು ನಾವು ಮರೆಯಬಾರದು.