ಒಂದು ಆಂಪಿಯರ್ ಎಂದಿದ್ದರೂ ಅರ್ಧಕ್ಕೇ ಏಕೆ ಕೈಕೊಡುತ್ತದೆ?

ನಿಮ್ಮ 5 ವೋಲ್ಟಿನ ಲೀನಿಯರ್ ರೆಗ್ಯುಲೇಟರ್ 7805 ಕೆಟ್ಟಿಲ್ಲ, ಹೊಸದು ಕೊಳ್ಳಬೇಡಿ. 12 ವೋಲ್ಟ್ ಅಡಾಪ್ಟರಿನಿಂದ ಅರ್ಧ ಆಂಪಿಯರ್ ಎಳೆದಾಗ ಎಲ್‌ಇಡಿ ಪಟ್ಟಿ ಆರಿಹೋಗಿ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂದಿದ್ದೀರಿ. ಕಾರಣ ಅಲ್ಲೇ ಇದೆ: ಒಳಗಿನ ಚಿಪ್ ಮಿತಿಮೀರಿ ಕಾದರೆ ತಾನೇ ಬಂದ್ ಆಗಿ, ತಣಿದ ಮೇಲೆ ಮತ್ತೆ ಶುರುವಾಗುತ್ತದೆ.

ಡೇಟಾಶೀಟಿನ 1 ಆಂಪಿಯರ್ ಸಿಗುವುದು ಶಾಖ ಹೊರಹೋಗಲು ದಾರಿ ಇದ್ದಾಗ ಮಾತ್ರ. ಲೀನಿಯರ್ ರೆಗ್ಯುಲೇಟರ್ ಹೆಚ್ಚುವರಿ ವೋಲ್ಟೇಜನ್ನೆಲ್ಲ ಶಾಖವಾಗಿ ಕಳೆಯುತ್ತದೆ. 12ರಲ್ಲಿ 5 ಹೋದರೆ 7 ವೋಲ್ಟ್. ಅರ್ಧ ಆಂಪಿಯರಿಗೆ 3.5 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಟಿಒ-220 ಪ್ಯಾಕೇಜಿನಲ್ಲಿ ಒಂದೊಂದು ವ್ಯಾಟಿಗೂ ಚಿಪ್ಪಿನ ಬಿಸಿ ಸುಮಾರು 65 ಡಿಗ್ರಿ ಏರುತ್ತದೆ. ಚಿಪ್ಪನ್ನು 125 ಡಿಗ್ರಿಯೊಳಗೆ ಇಡಬೇಕು. ಕೋಣೆಯೇ 35 ಡಿಗ್ರಿ ಇದ್ದರೆ ಉಳಿಯುವುದು 90. ಅಷ್ಟರಲ್ಲಿ ತಡೆಯುವುದು 1.4 ವ್ಯಾಟ್, ಅಂದರೆ ನಿಮ್ಮ ಸರ್ಕ್ಯೂಟಿನಲ್ಲಿ ಬರೀ 200 ಮಿಲಿಆಂಪಿಯರ್!

ಎರಡು 7805ಗಳನ್ನು ಪ್ಯಾರಲಲ್ ಆಗಿ ಜೋಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಎರಡರ ಔಟ್‌ಪುಟ್ ಕೂದಲೆಳೆಯಷ್ಟಾದರೂ ಬೇರೆ ಇರುತ್ತದೆ. ಹೆಚ್ಚಿರುವುದೇ ಬಹುಪಾಲು ಹೊರೆ ಹೊರುತ್ತದೆ.

9 ವೋಲ್ಟಿನ ಅಡಾಪ್ಟರ್ ತನ್ನಿ. ಶಾಖ 2 ವ್ಯಾಟಿಗೆ ಇಳಿಯುತ್ತದೆ. ಜೊತೆಗೆ ಥರ್ಮಲ್ ಪೇಸ್ಟ್ ಹಚ್ಚಿ ಚಿಕ್ಕ ಹೀಟ್‌ಸಿಂಕ್ ಬಿಗಿಯಿರಿ. 6 ವೋಲ್ಟಿಗೆ ಇಳಿಯಬೇಡಿ, 7805ಗೆ ಇನ್‌ಪುಟ್ಟಿನಲ್ಲಿ ಕನಿಷ್ಠ 7 ವೋಲ್ಟ್ ಬೇಕು. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರಾದರೆ ಮೇಲಿನ ಚೀಟಿಯನ್ನು ನಂಬದೆ, ಲೋಡ್ ಹಾಕಿಯೇ ಮಲ್ಟಿಮೀಟರಿನಲ್ಲಿ ಅಳೆಯಿರಿ. ಪೂರ್ತಿ 1 ಆಂಪಿಯರ್ ಬೇಕೆಂದರೆ ಬಕ್ ಕನ್ವರ್ಟರ್ ಬೋರ್ಡ್ ಹಾಕುವುದೇ ಸರಿ.