ಮೆನುವಿನಲ್ಲಿ ಬರೆಯದ ಎಣ್ಣೆ

ಮಕ್ಕಳೇ, ಹೋಟೆಲ್ ತಿಂಡಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಬೆಳಗ್ಗೆ ಪಿ.ಜಿ.ಯಿಂದ ಹೊರಟು ರಾತ್ರಿ ಹತ್ತಕ್ಕೆ ಮರಳುವವರಿಗೆ ಹಾಗೆ ಹೇಳುವುದು ನ್ಯಾಯವೂ ಅಲ್ಲ. ಆದರೆ ಮುಂದಿರುವ ತಟ್ಟೆಯಲ್ಲಿ ಎಷ್ಟು ಕ್ಯಾಲೊರಿ ಇದ್ದೀತು ಎಂದು ಅಂದಾಜು ಮಾಡುವುದನ್ನಾದರೂ ಕಲಿಯಿರಿ.

ನಮಗೆ ಈ ಲೆಕ್ಕ ಬೇಕಾಗಿರಲಿಲ್ಲ. ಪರೀಕ್ಷೆ ಪಾಸಾದರೆ, ಊರಿಂದ ಸೋದರಮಾವ ಬಂದರೆ ಮಸಾಲೆ ದೋಸೆ. ಅದರ ಮೇಲೆ ಎಷ್ಟು ಬೆಣ್ಣೆ ಬಿದ್ದರೂ ನಡೆಯುತ್ತಿತ್ತು, ಮತ್ತೊಂದು ದೋಸೆಗೆ ತಿಂಗಳುಗಟ್ಟಲೆ ಕಾಯಬೇಕಿತ್ತಲ್ಲ! ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಎಷ್ಟೋ ಮನೆಗಳಲ್ಲಿ ಎರಡನೇ ಸಲ ಬಡಿಸಲು ಅನ್ನವೇ ಇರುತ್ತಿರಲಿಲ್ಲ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಆಮೇಲೆ ನಿಂತು ತಿನ್ನುವ ಹೋಟೆಲುಗಳು ಬೆಂಗಳೂರಿನ ಬೀದಿಬೀದಿಗೂ ಬಂದವು. ಈಗ ಫೋನು ಒತ್ತಿದರೆ ಸಾಕು, ಊಟ ಮನೆ ಬಾಗಿಲಿಗೇ ಬರುತ್ತದೆ. ಅಪರೂಪದ ತಿಂಡಿ ನಿತ್ಯದ್ದಾಯಿತು, ಅದನ್ನು ಮಾಡುವ ಕೈ ಮಾತ್ರ ಹಬ್ಬದ ಅಳತೆಯಲ್ಲೇ ಎಣ್ಣೆ ಸುರಿಯುತ್ತಿದೆ. ನನ್ನ ಆತಂಕ ಇರುವುದು ಇಲ್ಲಿ. ನಮ್ಮ ಹಿರಿಯರಿಗೆ ಅರವತ್ತರ ಮೇಲೆ ಬರುತ್ತಿದ್ದ ಮಾತ್ರೆಗಳು ಈಗ ಮೂವತ್ತರ ಹುಡುಗರ ಬ್ಯಾಗಿನಲ್ಲಿ ಕಾಣುತ್ತಿವೆ. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್ ನೆರವಿನ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ಅದಕ್ಕೆ ಊಟವೊಂದೇ ಕಾರಣವಲ್ಲ, ನಿಜ. ಆದರೆ ನಿಮ್ಮ ಕೈಯಲ್ಲಿರುವ ಕಾರಣ ಅದು.

ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ನೀವು ದಿನಾ ತಿನ್ನುವ ಬೀದಿ ಕೊನೆಯ ದರ್ಶಿನಿಯಲ್ಲಿ, ಮೆಸ್ಸಿನಲ್ಲಿ, ಬಿರಿಯಾನಿ ಅಂಗಡಿಯಲ್ಲಿ ಅದನ್ನು ಹುಡುಕಬೇಡಿ. ಅಲ್ಲಿ ಲೆಕ್ಕ ನಿಮ್ಮದೇ.

ಮೊದಲು ಎಣ್ಣೆಯನ್ನು ನೋಡಿ. ಒಂದು ಗ್ರಾಂ ಪಿಷ್ಟದಲ್ಲಾಗಲಿ ಪ್ರೋಟೀನಿನಲ್ಲಾಗಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಮನೆಯಲ್ಲಿ ಮಾಡಿದ ಎರಡು ಮೂರು ಇಡ್ಲಿಗಳಲ್ಲಿ ಇರುವುದೂ ಅಷ್ಟೇ. ಇಡ್ಲಿ ಕಣ್ಣಿಗೆ ಕಾಣುತ್ತದೆ, ಹೊಟ್ಟೆ ತುಂಬಿಸುತ್ತದೆ. ಎಣ್ಣೆ ಎರಡೂ ಮಾಡದೆ ಒಳಗೆ ಸೇರುತ್ತದೆ. ಹೋಟೆಲಿನ ಮಸಾಲೆ ದೋಸೆಯನ್ನು ಬಿಡಿಸಿ ಲೆಕ್ಕ ಹಾಕಿ: ಹಿಟ್ಟಿಗೆ 150, ಪಲ್ಯಕ್ಕೆ 100, ಎಣ್ಣೆ ಬೆಣ್ಣೆ ಸೇರಿ ಒಂದೂವರೆ ದೊಡ್ಡ ಚಮಚ ಬಿದ್ದರೂ ಒಟ್ಟು 400 ದಾಟಿತು. ಚಟ್ನಿಯ ಕಾಯಿ ಇನ್ನೂ ಸೇರಿಲ್ಲ. ಪೂರಿ, ವಡೆ, ತುಪ್ಪ ಮಿಂಚುವ ಕೇಸರಿಬಾತ್, ಬೆಣ್ಣೆ ಕೆನೆ ಗೋಡಂಬಿ ಬೆರೆಸಿದ ಪನೀರ್ ಗ್ರೇವಿ, ಎಲ್ಲವನ್ನೂ ಹೀಗೆಯೇ ನೋಡಿ. ಪೊಟ್ಟಣದ ಕಾಗದ ಎಣ್ಣೆ ಹೀರಿದ್ದರೆ, ಸಾಗುವಿನ ಅಂಚಿನಲ್ಲಿ ಎಣ್ಣೆ ತೇಲುತ್ತಿದ್ದರೆ, ಕನಿಷ್ಠ ಇನ್ನೊಂದು ಚಮಚ ಸೇರಿಸಿಕೊಳ್ಳಿ.

ಆಮೇಲೆ ಅನ್ನ. ಬೆಂದ ಅನ್ನ 100 ಗ್ರಾಮಿಗೆ ಸುಮಾರು 130 ಕ್ಯಾಲೊರಿ, ಅಂದರೆ ಮನೆಯ ಸಾಧಾರಣ ಬಟ್ಟಲಿಗೆ 200. ಪಾರ್ಸೆಲ್ ಬಿರಿಯಾನಿಯನ್ನು ಡಬ್ಬಿಯಿಂದಲೇ ತಿನ್ನಬೇಡಿ, ನಿಮ್ಮ ಬಟ್ಟಲಿಗೆ ಹಾಕಿ ಅಳೆಯಿರಿ. ಮೂರು ಬಟ್ಟಲಾದರೆ ಅನ್ನಕ್ಕೇ 600 ಆಯಿತು. ಜ್ಯೂಸಿಗೆ ಹಾಕುವ ಸಕ್ಕರೆ ಚಿಕ್ಕ ಚಮಚಕ್ಕೆ 20ರಂತೆ.

ಬಂದ ಮೊತ್ತಕ್ಕೆ ಕಾಲುಭಾಗ ಸೇರಿಸಿ. ಇಷ್ಟದ ತಿಂಡಿ ಮುಂದಿರುವಾಗ ಮನಸ್ಸು ಕಡಿಮೆಯ ಕಡೆಗೇ ಲೆಕ್ಕ ಹಾಕುತ್ತದೆ.

ಇನ್ನೊಂದು ಮಾತು, ಅತಿಯಾಗಿ ಎಣಿಸುವವರಿಗೆ. ಕಂದಾ, ರಾತ್ರಿ ಸ್ನೇಹಿತರೊಡನೆ ಊಟಕ್ಕೆ ಹೋಗಬೇಕೆಂದು ಬೆಳಗಿನಿಂದ ಉಪವಾಸ ಕೂರಬೇಡ. ಐವತ್ತು ನೂರು ಕ್ಯಾಲೊರಿ ಅತ್ತಿತ್ತ ಆದರೆ ಏನೂ ಕೆಡುವುದಿಲ್ಲ. ಮೆನುವಿನಲ್ಲಿ ಕಾಣುವ ದಿನಕ್ಕೆ 2000 ಎಂಬುದು ಸರಾಸರಿ ಮಾತ್ರ, ನಿನ್ನ ಮೈಗೆ ಬೇಕಾದದ್ದು ಬೇರೆಯಿರಬಹುದು. ಊಟದ ಯೋಚನೆಯೇ ನಿದ್ದೆ ಕೆಡಿಸುತ್ತಿದ್ದರೆ ಎಣಿಸುವುದನ್ನು ನಿಲ್ಲಿಸಿ ವೈದ್ಯರ ಹತ್ತಿರ ಹೋಗು.

ಉಳಿದವರು ಈ ಭಾನುವಾರ ಮನೆಯಲ್ಲೇ ಒಂದು ದೊಡ್ಡ ಚಮಚ ಎಣ್ಣೆಯನ್ನು ಖಾಲಿ ತಟ್ಟೆಗೆ ಸುರಿದು ಅದು ಎಷ್ಟು ಹರಡುತ್ತದೆ ನೋಡಿ. ಒಂದು ಬಟ್ಟಲು ಅನ್ನವನ್ನು ತೂಗಿ ನೋಡಿ. ಸೋಮವಾರ ಹೋಟೆಲಿಗೆ ಹೋದಾಗ, ದೋಸೆ ಹುಯ್ಯುವವರಿಗೆ ‘ಅಣ್ಣಾ, ಎಣ್ಣೆ ಕಮ್ಮಿ ಇರಲಿ’ ಎಂದು ಹೇಳಿ. ಸಂಕೋಚ ಬೇಡ, ಎಷ್ಟೋ ಕಡೆ ಮಾಡಿಕೊಡುತ್ತಾರೆ. ಕಾವಲಿಗೆ ಹಿಟ್ಟು ಬೀಳುವ ಮೊದಲೇ ಹೇಳಬೇಕು, ಅಷ್ಟೆ.