ಅರಿಯದೆ ಆಡುವ ಮಾತು



ನಮ್ಮ ಹುಲಗೂರಿನಿಂದ ಪಡುವಣಕ್ಕೆ ಹೋದರೆ ಮುಂಡಗೋಡ, ಅದರಾಚೆ ಯಲ್ಲಾಪುರ, ಹಳಿಯಾಳಗಳ ಅಡವಿ. ಅಲ್ಲಿ ಸಿದ್ದಿ ಜನರು ತಲೆಮಾರುಗಳಿಂದ ವಾಸವಾಗಿರುವರು. ಅವರ ಪೂರ್ವಜರಲ್ಲಿ ಅನೇಕರನ್ನು ಪೋರ್ತುಗೀಜರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟದ ಕಾಡನ್ನು ಸೇರಿದರು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಕೊಂಕಣಿ, ಕನ್ನಡ ಅವರ ನುಡಿಗಳು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳಲ್ಲಿ ಸೇರಿದರು.

ಆದರೂ ಸಂತೆಯಲ್ಲಿ ಸಿದ್ದಿ ಹೆಣ್ಣುಮಗಳನ್ನು ಕಂಡವರು, “ನಿಮ್ಮದು ಯಾವ ದೇಶ?” ಎಂದು ಕೇಳುವದುಂಟು. “ಕನ್ನಡ ಎಷ್ಟು ಚಂದ ಆಡತೀಯವ್ವ!” ಎಂದು ಮೆಚ್ಚುವವರೂ ಉಂಟು. ಕೇಳಿದವರ ಮನಸ್ಸಿನಲ್ಲಿ ದ್ವೇಷವಿರಲಿಕ್ಕಿಲ್ಲ. ಈ ನಾಡು ಆಕೆಯದಲ್ಲವೆಂಬ ಎಣಿಕೆ ಮಾತ್ರ ಅವರಿಗೆ ತಿಳಿಯದಂತೆಯೇ ಮಾತಿನೊಳಗೆ ಕುಳಿತಿರುವದು.

ಹೊಗಳಿಕೆಯಲ್ಲಿಯೂ ಅದು ಅಡಗಬಲ್ಲದು. 1987ರ ಸುಮಾರಿಗೆ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟ ಮೊದಲಾದವುಗಳಲ್ಲಿ ತರಬೇತಿ ಕೊಟ್ಟಿತು. ಕೆಲವೇ ವರುಷಗಳಲ್ಲಿ ಆ ಯೋಜನೆ ನಿಂತಿತು. “ಓಟ ಇವರ ರಕ್ತದಲ್ಲಿಯೇ ಇದೆ” ಎಂಬ ಮಾತು ಮಾತ್ರ ಉಳಿದಿದೆ. ಹಾಗೆನ್ನುವವರು ಲೆಕ್ಕದಲ್ಲಿ ಜಾಣೆಯಾದ ಸಿದ್ದಿ ಬಾಲಕಿಯನ್ನು ಗುರುತಿಸುವರೇ? (ಶಿಕ್ಷಕಿಯರೂ ಈ ಪ್ರಶ್ನೆಗೆ ಉತ್ತರ ಕೊಡತಕ್ಕದ್ದು.)

ಇಂಥ ಎಣಿಕೆ ಬೆಳೆಯುವದು ನಮ್ಮ ಪಡಸಾಲೆಗಳಲ್ಲಿ. ಆದುದರಿಂದ ಈ ವಾರದ ಅಭ್ಯಾಸವಿದು: ಅಜ್ಜಿ, ಅತ್ತೆ, ನೆರೆಯವರೊಡನೆ ಕಟ್ಟೆಯ ಮೇಲೆ ಕುಳಿತು, ಕೂಸು ಹುಟ್ಟಿದಾಗ, ಕನ್ಯೆ ನೋಡುವಾಗ ಮೈಬಣ್ಣದ ಕುರಿತು ಆಡುವ ಮಾತುಗಳನ್ನು ಕೇಳಿ ಬರೆದುಕೊಳ್ಳಿರಿ. ವಾದಿಸಬೇಡಿರಿ. ಬಳಿಕ ಒಬ್ಬರೇ ಕುಳಿತು, ನೀವೂ ಆಡಿದ ಮಾತುಗಳ ಮುಂದೆ ಗುರುತು ಹಾಕಿರಿ. ಆ ಹಾಳೆಯನ್ನು ನನಗೆ ತೋರಿಸಬೇಕಾಗಿಲ್ಲ.